ತಿನ್ನದವರ ಮನೆಯ ಗಿಣ್ಣು

ಡಾಕ್ಟರು ನನಗೆ ಟೋಫು ತಿನ್ನಲು ಹೇಳಿದ್ದಾರೆ. ಎಂಬತ್ತು ದಾಟಿದವಳಿಗೆ ಹೊಸ ರುಚಿ ಕಲಿಸಲು ಹೊರಟ ಅವರ ಧೈರ್ಯವನ್ನು ಮೆಚ್ಚಬೇಕು. ಪನೀರು ಬೇಡ, ಬೆಣ್ಣೆಯಂತೂ ಬೇಡವೇ ಬೇಡ, ಸೋಯಾ ಹಾಲಿನಿಂದ ಮಾಡಿದ ಇದನ್ನು ತಿನ್ನಿ, ಮೂಳೆಗೂ ಒಳ್ಳೆಯದು, ಎದೆಗೂ ಒಳ್ಳೆಯದು ಅಂದರು. ನಾಲಗೆಗೆ ಒಳ್ಳೆಯದೋ ಎಂದು ನಾನು ಕೇಳಲಿಲ್ಲ. ಅದು ಅವರ ಇಲಾಖೆಗೆ ಬರುವುದಿಲ್ಲ.

ಹಾಸನದ ನಮ್ಮ ಬೀದಿಯ ಕೊನೆಯಲ್ಲಿರುವ ಅಂಗಡಿಗೆ ಹೋದೆ. ಗಾಜಿನ ಬಾಗಿಲಿನ ಫ್ರಿಜ್ಜಿನಲ್ಲಿ ಎರಡು ಥರದ ಟೋಫು ಇತ್ತು. ನೋಡುವುದಕ್ಕೆ ಅಕ್ಕತಂಗಿಯರ ಹಾಗೆ ಎರಡೂ ಒಂದೇ. ಬೆಲೆ ಕೇಳಿದರೆ ಒಂದಕ್ಕಿಂತ ಇನ್ನೊಂದು ಹತ್ತಿರ ಹತ್ತಿರ ಎರಡರಷ್ಟು. ಯಾಕಪ್ಪ ಹೀಗೆ ಅಂದೆ. ‘ಅಜ್ಜಿ, ಇದ್ರಲ್ಲಿ ನೀರು ಜಾಸ್ತಿ. ಅದನ್ನ ಚೆನ್ನಾಗಿ ಒತ್ತಿರ್ತಾರೆ, ಕಾಳೂ ಒಳ್ಳೇದು ಹಾಕಿರ್ತಾರೆ. ಹಾಲು ಒಡೆಸೋಕೆ ಒಬ್ಬೊಬ್ರು ಒಂದೊಂದು ಹಾಕ್ತಾರೆ. ಎಲ್ಲಾ ಮಾಡೋರ ಕೈ ಮೇಲೆ ಹೋಗುತ್ತೆ’ ಎಂದ ಅಂಗಡಿಯವನು. ಮಾಡುವವರ ಕೈ ಎಂದ ಮೇಲೆ ನಾನು ಜಿಪುಣತನ ಮಾಡಲಿಲ್ಲ. ಹೆಚ್ಚು ಬೆಲೆಯದನ್ನೇ ತಂದೆ.

ಮನೆಗೆ ಬಂದು ಚಾಕುವಿನಿಂದ ಒಂದು ಚೂರು ಕತ್ತರಿಸಿ ಬಾಯಿಗೆ ಹಾಕಿಕೊಂಡೆ. ಸಪ್ಪೆ. ಹಲ್ಲಿನ ಕೆಳಗೆ ಕಿರ್ ಕಿರ್ ಎಂದಿತು. ಅಂಚಿನಲ್ಲಿ ಬಟ್ಟೆಯ ನೆಯ್ಗೆಯ ಗುರುತು ಮೂಡಿತ್ತು. ಅಡಿಗೆಮನೆಯ ಸ್ಟೂಲಿನ ಮೇಲೆ ಹಾಗೇ ಕುಳಿತುಬಿಟ್ಟೆ. ಇದನ್ನು ನಾನು ಹಿಂದೆ ತಿಂದಿದ್ದೆ. ಅರವತ್ತು ವರ್ಷಕ್ಕೂ ಹಿಂದೆ, ಚನ್ನರಾಯಪಟ್ಟಣದಲ್ಲಿ, ತುಂಬು ಬಸುರಿಯಾಗಿದ್ದಾಗ. ಆಗ ಅದಕ್ಕೆ ಗಿಣ್ಣು ಎಂದು ಹೆಸರಿಟ್ಟಿದ್ದರು. ಗಿಣ್ಣು ಬಲ್ಲ ಯಾರೂ ಅದನ್ನು ಗಿಣ್ಣು ಎಂದು ಒಪ್ಪುತ್ತಿರಲಿಲ್ಲ, ಅದು ಬೇರೆ ಮಾತು.

ಗಿಣ್ಣು ಗೊತ್ತಿಲ್ಲದವರೂ ಈಗ ಹುಟ್ಟಿಕೊಂಡಿದ್ದಾರಂತೆ. ಅವರಿಗಾಗಿ ಹೇಳುತ್ತೇನೆ. ಹಸುವೋ ಎಮ್ಮೆಯೋ ಈದಾಗ ಮೊದಲ ಕೆಲವು ದಿನ ಕೊಡುವ ಹಾಲು ಮಾಮೂಲಿ ಹಾಲಲ್ಲ. ಅರಿಸಿನ ಕಲಸಿದ ಹಾಗೆ ಹಳದಿ, ಬೆರಳಿಗೆ ಅಂಟುವಷ್ಟು ಮಂದ. ಅದಕ್ಕೆ ಬೇರೆ ಹಾಲು ಬೆರೆಸಿ, ಬೆಲ್ಲ ಏಲಕ್ಕಿ ಹಾಕಿ, ಹಬೆಯಲ್ಲಿ ಬೇಯಿಸಿದರೆ ತಾನಾಗಿ ಗಟ್ಟಿಯಾಗಿ ಕತ್ತರಿಸುವ ಹದಕ್ಕೆ ಬರುತ್ತದೆ. ಅದೇ ಗಿಣ್ಣು.

ಇದರಲ್ಲೂ ಮೇಲು ಕೀಳು ಎಷ್ಟಿತ್ತು ಅಂತೀರಿ. ಮೊದಲ ದಿನದ ಹಾಲಿನದು ರಾಜ, ಎರಡನೆಯ ದಿನದ್ದು ಮಂತ್ರಿ, ಮೂರನೆಯ ದಿನದ್ದು ಬರೀ ಊರ ಪಟೇಲ. ಅದಕ್ಕೂ ತಡವಾದದ್ದು ಒಡೆದ ಹಾಲು, ಅಷ್ಟೇ. ಹಿಂಡಿ, ಹತ್ತಿಬೀಜ ತಿಂದ ಹಸುವಿನ ಗಿಣ್ಣೇ ಬೇರೆ, ಒಣ ರಾಗಿಹುಲ್ಲು ತಿಂದ ಹಸುವಿನದೇ ಬೇರೆ. ಹಾಲು ಜಾಸ್ತಿ ಬೆರೆಸಿದರೆ ಸುರಿದು ಹೋಗುತ್ತದೆ, ಕಡಿಮೆ ಬೆರೆಸಿದರೆ ರಬ್ಬರು. ಆಲೆಮನೆಯಿಂದ ಹೊಸದಾಗಿ ಬಂದ ಬೆಲ್ಲ ಬಿದ್ದರೆ ಒಂದು ಬಣ್ಣ, ಹಳೆಯ ಉಪ್ಪುಪ್ಪು ಬೆಲ್ಲ ಬಿದ್ದರೆ ಇನ್ನೊಂದು. ಅರಕಲಗೂಡಿನ ನನ್ನ ತವರುಮನೆಯಲ್ಲಿ ಅಮ್ಮ ತಟ್ಟೆಯನ್ನು ಮೆಲ್ಲಗೆ ತಟ್ಟಿ ನೋಡುತ್ತಿದ್ದಳು. ಗಿಣ್ಣು ನಡುಗಬೇಕು, ಬಿರುಕು ಬಿಡಬಾರದು.

ಇಷ್ಟೆಲ್ಲ ದರ್ಜೆಯಿದ್ದ ಪದಾರ್ಥಕ್ಕೆ ಬೆಲೆ ಎಂಬುದೇ ಇರಲಿಲ್ಲ. ಗಿಣ್ಣು ಹಾಲನ್ನು ಮಾರಬಾರದು, ಮಾರಿದರೆ ಕರುವಿಗೆ ಕೇಡು. ಮಾರುವುದಿರಲಿ, ಬಾಯಿಬಿಟ್ಟು ಕೇಳಲೂ ಬಾರದು, ಕೇಳಿದರೆ ದೃಷ್ಟಿ. ಅವರಾಗಿ ಕೊಡಬೇಕು, ನಾವು ಕಾಯಬೇಕು. ಹಾಗಾಗಿ ಕೇಳದೆಯೇ ಕೇಳುವ ಒಂದು ವಿದ್ಯೆ ಊರಿನಲ್ಲೆಲ್ಲ ಬೆಳೆದಿತ್ತು. ‘ನಿಮ್ಮ ಹಸ ಈಯ್ತಂತಲ್ಲ, ಕರ ಚೆನ್ನಾಗಿದ್ಯಾ? ಎದ್ದು ನಿಂತ್ಕೊಂತಾ?’ ಎಂದು ವಿಚಾರಿಸಿಕೊಂಡು ಬರುವುದು. ಚಿಕ್ಕಂದಿನಲ್ಲಿ ನಾನು ಈ ವಿದ್ಯೆಯಲ್ಲಿ ಪಾರಂಗತಳಾಗಿದ್ದೆ. ಗಬ್ಬದ ಹಸುವಿದ್ದ ಮನೆಗಳಿಗೆಲ್ಲ ಸ್ಕೂಲು ಬಿಟ್ಟ ಮೇಲೆ ಹೋಗಿ ಅದರ ಕೆಚ್ಚಲು ಎಷ್ಟು ಇಳಿದಿದೆ ಎಂದು ನೋಡಿ ಬರುತ್ತಿದ್ದೆ. ಅಪ್ಪ ನೆಂಟರ ಮುಂದೆ, ‘ಇವಳಿಗೆ ದನಗಳ ಮೇಲೆ ಬಹಳ ಕರುಣೆ’ ಎಂದು ಹೆಮ್ಮೆಪಡುತ್ತಿದ್ದರು. ನಾನು ಕರುಣಾಮಯಿಯ ಮುಖ ಮಾಡಿಕೊಂಡು ನಿಂತಿರುತ್ತಿದ್ದೆ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನನ್ನನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟರು. ಯಜಮಾನರು ಸ್ಕೂಲು ಮೇಷ್ಟರು. ಮನೆಯಲ್ಲಿ ಅವರ ತಾಯಿ, ಗೌರಮ್ಮ. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಪಕ್ಕದ ಮನೆ ಜೈನರದು. ಆ ಮನೆಯ ಯಜಮಾನರಿಗೆ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಗಳ ಅಂಗಡಿ. ಅವರ ಹೆಂಡತಿ ಚಂದ್ರಮತಮ್ಮ ನಮ್ಮ ಅತ್ತೆಗಿಂತ ನಾಲ್ಕಾರು ವರ್ಷ ಚಿಕ್ಕವರು. ಎರಡು ಮನೆಗಳ ಹಿತ್ತಿಲ ನಡುವೆ ಎದೆಯೆತ್ತರದ ಒಂದು ಗೋಡೆ. ಇವರಿಬ್ಬರೂ ಬೆಳಿಗ್ಗೆ ಪಾತ್ರೆ ಬೆಳಗುವಾಗ ಶುರುಮಾಡಿದ ಮಾತು ಸಂಜೆ ಬಟ್ಟೆ ತೆಗೆಯುವಾಗಲೂ ಮುಗಿದಿರುತ್ತಿರಲಿಲ್ಲ.

ಆ ಮನೆಯಲ್ಲಿ ಕೌಲಿ ಎಂಬ ಹಸುವಿತ್ತು. ಜೈನರಲ್ಲಿ ಕಟ್ಟುನಿಟ್ಟಿನ ಮನೆಯವರು ಈದ ಹಸುವಿನ ಹಾಲನ್ನು ಸೂತಕ ಕಳೆಯುವ ತನಕ ಮುಟ್ಟುವುದಿಲ್ಲ. ಗಿಣ್ಣಂತೂ ಅವರ ಅಡಿಗೆಮನೆಯ ಹೊಸಿಲು ಹತ್ತುವಂತಿಲ್ಲ. ಹಾಗಾಗಿ ಕೌಲಿ ಈದಾಗಲೆಲ್ಲ ಕರು ಕುಡಿದು ಉಳಿದ ಹಾಲಷ್ಟೂ, ರಾಜನ ದರ್ಜೆಯ ಹಾಲು, ಹಿತ್ತಾಳೆ ತಂಬಿಗೆಯಲ್ಲಿ ಗೋಡೆ ದಾಟಿ ನಮ್ಮ ಮನೆಗೆ ಬರುತ್ತಿತ್ತು. ಅಂಗಡಿಯ ಹಿಂಡಿ ತಿಂದು ಮಿರಿಮಿರಿ ಮಿಂಚುವ ಹಸು, ಎದ್ದುಬಿದ್ದು ಗಿಣ್ಣು ಮಾಡುವ ಅತ್ತೆ. ಮದುವೆಯಾಗಿ ಬಂದ ಮೊದಲ ವಾರದಲ್ಲೇ ಈ ಸುದ್ದಿ ತಿಳಿಯಿತು. ಗಂಡ ಹೇಗೋ ಏನೋ, ಗೋಡೆ ಮಾತ್ರ ಒಳ್ಳೆಯ ಕಡೆ ಸಿಕ್ಕಿತು ಎಂದುಕೊಂಡೆ.

ನಾನು ಬಂದ ವರ್ಷವೇ ಕೌಲಿ ಈಯಿತು. ಅತ್ತೆಯ ಗಿಣ್ಣನ್ನು ಅವತ್ತು ಮೊದಲ ಸಲ ತಿಂದೆ. ಅಮ್ಮನ ಕೈರುಚಿಯ ಮೇಲೆ ನನಗಿದ್ದ ಅಭಿಮಾನ ಅವತ್ತೇ ಸ್ವಲ್ಪ ಅಲುಗಿತು ಎಂದು ತವರಿನವರು ಯಾರೂ ಇಲ್ಲದ ಈ ಹೊತ್ತಿನಲ್ಲಿ ಧೈರ್ಯವಾಗಿ ಹೇಳುತ್ತೇನೆ. ಅತ್ತೆ ಬೀದಿಯ ಮನೆಮನೆಗೂ ಬಾಳೆಲೆಯಲ್ಲಿ ಸುತ್ತಿ ಕಳಿಸಿದರು. ಬೇರೆಯವರ ಮನೆಯಿಂದ ಗಿಣ್ಣು ಬಂದರೆ ಮಾತ್ರ ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿ, ‘ಮೂರ್ನೇ ದಿನದ್ದು, ನೀರೂ ಬಿದ್ದಯ್ತೆ’ ಎಂದು ತೀರ್ಪು ಕೊಡುತ್ತಿದ್ದರು. ಅದಕ್ಕೆ ಅಪೀಲು ಇರಲಿಲ್ಲ.

ಅದೇ ಸಲ ಒಂದು ಎಡವಟ್ಟಾಯಿತು. ಗಿಣ್ಣು ಹಾಲು ಬಂದ ತಂಬಿಗೆಯನ್ನು ತೊಳೆದು ಹಿಂದಕ್ಕೆ ಕೊಡುವಂತಿಲ್ಲ. ಹಾಲಿನ ಪಸೆ ಹಾಗೇ ಇರಬೇಕು, ಅದರೊಳಗೆ ಒಂದು ಚೂರು ಬೆಲ್ಲ, ನಾಲ್ಕು ಅಕ್ಕಿಕಾಳು ಹಾಕಿ ಕೊಡಬೇಕು. ತೊಳೆದರೆ ಹಸುವಿನ ಹಾಲೇ ತೊಳೆದು ಹೋಯಿತು ಎಂದು ಅರ್ಥ. ಅವತ್ತು ನಮ್ಮ ಮನೆಗೆ ಹಾಸನದಿಂದ ಅತ್ತೆಯ ತಮ್ಮನ ಹೆಂಡತಿ ಬಂದಿದ್ದರು. ಬಹಳ ಶುಚಿಯ ಹೆಂಗಸು, ಸುಮ್ಮನೆ ಕೂತರೆ ಕೈ ನವೆಯುವವರು. ಹಿತ್ತಿಲಲ್ಲಿದ್ದ ತಂಬಿಗೆಯನ್ನು ಹುಣಿಸೆಹಣ್ಣು, ಬೂದಿ ಹಾಕಿ ಫಳಫಳ ಬೆಳಗಿ, ತಾವೇ ಗೋಡೆಯ ಮೇಲಿಂದ ದಾಟಿಸಿ ಒಳಗೆ ಬಂದು ಕೈ ಒರೆಸಿಕೊಂಡರು. ಒಂದು ವಾರದೊಳಗೆ ಪಕ್ಕದ ಮನೆಯ ಕರು ಸತ್ತುಹೋಯಿತು.

ಚಂದ್ರಮತಮ್ಮನಿಗೂ ಒಬ್ಬ ಅತ್ತೆಯಿದ್ದರು. ಎರಡು ಕಣ್ಣಿಗೂ ಪೊರೆ ಬಂದು ಹಿತ್ತಿಲ ಜಗಲಿಯಲ್ಲಿ ಜಪಮಣಿ ಹಿಡಿದು ಕೂತಿರುತ್ತಿದ್ದ ಹಣ್ಣು ಮುದುಕಿ. ನಾವೆಲ್ಲ ಅವರನ್ನು ಅಜ್ಜಮ್ಮ ಎನ್ನುತ್ತಿದ್ದೆವು. ಆ ಅಜ್ಜಮ್ಮ ಗೋಡೆಯ ಆಚೆಗೂ ಕೇಳುವ ಹಾಗೆ, ‘ತಂಬ್ಗೆ ತೊಳ್ದು ಕಳ್ಸುದ್ರಲ್ಲ ತಾಯಿ, ಕೊಟ್ಟಿಗೆ ತೊಳ್ದೋಯ್ತು’ ಎಂದರು. ನಮ್ಮ ಅತ್ತೆ ಸುಮ್ಮನಿರುವವರೇ? ‘ತಂಬ್ಗೆ ತೊಳದ್ರೆ ಕರ ಸಾಯೋದಾದ್ರೆ ನಿಮ್ಮಂಗ್ಡೀಲಿ ದಿನಾ ನೂರ್ ಪಾತ್ರೆ ಬೆಳಗ್ತೀರಲ್ಲ, ಊರಲ್ಲಿ ಒಂದು ದನಾನೂ ಇರ್ಬಾರ್ದಾಗಿತ್ತು’ ಎಂದರು. ಈ ಮಾತಿನ ನಡುವೆ ಚಂದ್ರಮತಮ್ಮ ತಲೆ ತಗ್ಗಿಸಿ ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ಅತ್ತೆಯನ್ನು ಅಜ್ಜಮ್ಮನ ಮಾತಿಗಿಂತ ಆ ಮೌನವೇ ಹೆಚ್ಚು ನೋಯಿಸಿತು.

ಅವತ್ತಿನಿಂದ ಗೋಡೆ ಗೋಡೆಯೇ ಆಯಿತು. ಅತ್ತೆ ಪಾತ್ರೆ ಬೆಳಗುವ ಜಾಗ ಬದಲಾಯಿಸಿದರು. ಬಟ್ಟೆ ತೆಗೆಯಲು ನನ್ನನ್ನು ಕಳಿಸತೊಡಗಿದರು. ಕೆಲಸ ಮಾಡುತ್ತ ಏನೋ ಒಂದು ನೆನಪಾಗಿ, ‘ಚಂದ್ರೂ, ಕೇಳ್ದ್ಯಾ’ ಎಂದು ಬಾಯಿ ತೆರೆದು, ಅರ್ಧಕ್ಕೇ ನಿಲ್ಲಿಸುತ್ತಿದ್ದರು. ನಾನು ಕೇಳಿಸಿಕೊಳ್ಳದವಳ ಹಾಗೆ ಇರುತ್ತಿದ್ದೆ. ಮನೆಯಲ್ಲಿ ಮಾತಾಡಲು ನಾನೊಬ್ಬಳಿದ್ದೆ ನಿಜ, ಆದರೆ ಸೊಸೆಯ ಹತ್ತಿರ ಆಡುವ ಮಾತು ಬೇರೆ, ಗೆಳತಿಯ ಹತ್ತಿರ ಆಡುವ ಮಾತು ಬೇರೆ. ಅವರು ಸೊರಗಿದರು. ಅದು ನನಗೆ ಕಾಣುತ್ತಿತ್ತು.

ಒಂದೂವರೆ ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ ನಾನು ಬಸುರಿಯಾಗಿದ್ದೆ. ಏಳನೆಯ ತಿಂಗಳಿನಲ್ಲಿ ಬೇರೆ ಹೆಂಗಸರಿಗೆ ಮಾವಿನಕಾಯಿ, ಹುಣಿಸೆಕಾಯಿ ಬೇಕೆನಿಸುತ್ತದೆ. ನನಗೆ ಗಿಣ್ಣು ಬೇಕೆನಿಸಿತು. ಬಾಯಿಬಿಟ್ಟು ಕೇಳಬಾರದ ಒಂದೇ ಒಂದು ಪದಾರ್ಥವನ್ನು ಹುಡುಕಿ ಆರಿಸಿಕೊಂಡ ನನ್ನ ನಾಲಗೆಯ ಜಾಣತನ ನೋಡಿ. ಕನಸಿನಲ್ಲಿ ತಟ್ಟೆ ತಟ್ಟಿದ ಹಾಗೆ, ಗಿಣ್ಣು ನಡುಗಿದ ಹಾಗೆ. ಊಟ ಸೇರದಾಯಿತು. ಕೊನೆಗೆ ಅತ್ತೆ ಎದುರಿಗೆ ಕೂರಿಸಿಕೊಂಡು, ‘ಏನವ್ವ ಬೇಕು ನಿಂಗೆ? ಬಾಯ್ಬುಟ್ಟು ಯೋಳು. ಆಸೆ ಇಟ್ಕಂಡ್ರೆ ಕೂಸಿಗೆ ಕಿವಿ ಸೋರ್ತದೆ’ ಅಂದರು. ಹೇಳಿದೆ. ಅವರ ಮುಖ ಒಂದು ಗಳಿಗೆ ಗೋಡೆಯ ಕಡೆ ತಿರುಗಿ ಹಿಂದಕ್ಕೆ ಬಂತು. ಕೌಲಿ ಮತ್ತೆ ಗಬ್ಬವಾಗಿತ್ತು. ಇವತ್ತೋ ನಾಳೆಯೋ ಎನ್ನುವ ಹಾಗಿತ್ತು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

‘ಲೋಕದಲ್ಲಿ ಅದೊಂದೇ ಹಸ ಇರಾದಾ?’ ಎಂದು ಅತ್ತೆ ಎದ್ದರು. ಮಗನನ್ನು ಕರೆದು ಹೇಳಿದರು: ‘ಎಲ್ಲಿಂದಾರಾ ತಂದಾಕು. ಯಾರ್ನೂ ಕೇಳ್ಬ್ಯಾಡ. ಕರ ಚೆನ್ನಾಗಿದ್ಯಾ ಅಂತ ಮಾತ್ರ ಇಚಾರ್ಸು.’

ಯಜಮಾನರಿಗೆ ಪಾಠ ಮಾಡಿ ಗೊತ್ತೇ ಹೊರತು ಕೇಳದೆ ಕೇಳುವ ವಿದ್ಯೆ ಗೊತ್ತಿರಲಿಲ್ಲ. ಮೊದಲು ದಂಡಿಗನಹಳ್ಳಿಯ ನೆಂಟರ ಮನೆಗೆ ಸೈಕಲ್ ತುಳಿದರು. ಕರು ಚೆನ್ನಾಗಿದೆಯೇ ಎಂದು ಕೇಳಿದರು. ಚೆನ್ನಾಗಿದೆ ಎಂದರು. ಇವರು ಸಂತೋಷ ಎಂದು ಕಾಫಿ ಕುಡಿದು ವಾಪಸು ಬಂದರು. ಆಮೇಲೆ ದುದ್ದದಲ್ಲಿ ಇವರ ಜೊತೆಯ ಮೇಷ್ಟರೊಬ್ಬರು ಅರ್ಥ ಮಾಡಿಕೊಂಡು ಒಂದು ಡಬ್ಬಿ ಹಾಲು ಕೊಟ್ಟರು. ಬಸ್ಸಿನಲ್ಲಿ ಇಂಜಿನ್ನಿನ ಪಕ್ಕ ಜಾಗ ಸಿಕ್ಕಿತಂತೆ. ಡಬ್ಬಿಯನ್ನು ಆ ಬಿಸಿಯ ಮೇಲೇ ಇಟ್ಟುಕೊಂಡು ಬಂದರು. ಮನೆಗೆ ಬಂದು ಮುಚ್ಚಳ ತೆಗೆದರೆ ಹಾಲು ಹುಳಿ ಹತ್ತಿ ನಾರುತ್ತಿತ್ತು. ಅಮ್ಮ ಬೇಯಿಸಿದ ಗಿಣ್ಣನ್ನೇ ಅಪ್ಪ ಅರಕಲಗೂಡಿನಿಂದ ಬಸ್ ಕಂಡಕ್ಟರ ಕೈಲಿ ಕಳಿಸಿದರು. ಅದು ಹಾಸನದಲ್ಲಿ ಬಸ್ಸು ಬದಲಾಯಿಸುವಾಗ ಯಾರ ಬಾಯಿಗೆ ಸೇರಿತೋ, ನಮ್ಮ ಮನೆಗಂತೂ ಬರಲಿಲ್ಲ. ತಿಂದ ಪುಣ್ಯಾತ್ಮನಿಗೆ ರುಚಿ ಗೊತ್ತಿತ್ತು ಎಂದುಕೊಂಡು ಸಮಾಧಾನ ಮಾಡಿಕೊಳ್ಳಬೇಕು.

ಕೊನೆಗೆ ಒಂದು ಶನಿವಾರ ಹೊಳೆನರಸೀಪುರಕ್ಕೆ ಹೋಗಿದ್ದ ಯಜಮಾನರು ಎಲೆಯಲ್ಲಿ ಕಟ್ಟಿದ ಗಿಣ್ಣನ್ನೇ ಹಿಡಿದು ಬಂದರು. ಸ್ನೇಹಿತರ ಮನೆಯಲ್ಲಿ ಕೊಟ್ಟರು ಎಂದರು. ನೋಡಲು ಏನು ಚೆಂದ ಅಂತೀರಿ. ಅಂಚು ಚೂಪು, ಮೈ ನುಣುಪು, ಮೇಲೆ ಗೋಡಂಬಿ ಬೇರೆ. ಅತ್ತೆ ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದರು.

‘ಯಾವ ಸ್ನೇಯ್ತರಪ್ಪ?’

‘ನಿಮಗೆ ಗೊತ್ತಿಲ್ಲಮ್ಮ.’

‘ಅವ್ರ ಮನೇಲಿ ಹಸ ಐತಾ, ಬರೀ ಹೋಟ್ಲು ಐತಾ?’

ಯಜಮಾನರು ಒಪ್ಪಿಕೊಂಡರು. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿನಲ್ಲಿ ಗಿಣ್ಣು ಎಂದು ಬೋರ್ಡು ಹಾಕಿ ಮಾರುತ್ತಿದ್ದರಂತೆ. ಮಾಮೂಲಿ ಹಾಲಿಗೆ ಚೈನಾಗ್ರಾಸ್ ಹಾಕಿ ಗಟ್ಟಿ ಮಾಡಿದ್ದು. ಸಕ್ಕರೆಗೂ ಗೋಡಂಬಿಗೂ ಸೇರಿಸಿ ಬೆಲೆ ಕಟ್ಟಿದ್ದರು. ಗಿಣ್ಣಿಗೆ ಬೆಲೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅತ್ತೆ ಮಗನನ್ನು ಬೈಯಲಿಲ್ಲ. ‘ಆಸೆಗೆ ತಂದವ್ನೆ, ತಿನ್ನವ್ವ’ ಎಂದು ನನ್ನ ಮುಂದಿಟ್ಟರು. ಒಂದು ತುತ್ತು ನುಂಗಿದೆ. ಅಳು ಬಂದುಬಿಟ್ಟಿತು. ಬಸುರಿಯ ಅಳು ಎಂದರೆ ನಿಮಗೆ ಗೊತ್ತಲ್ಲ, ಅದಕ್ಕೆ ಕಾರಣವೂ ಬೇಡ, ಕೊನೆಯೂ ಇಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅಳತೊಡಗಿದೆ. ನಮ್ಮ ಅತ್ತೆ ನನ್ನ ಬೆನ್ನು ಸವರುತ್ತ, ‘ಗಿಣ್ಣಿಗೋಸ್ಕರ ಇಂಗೆ ಅಳ್ತಾರಾ ಮಗ’ ಎನ್ನುತ್ತಿದ್ದರು. ಗೋಡೆಯಾಚೆ ಪಾತ್ರೆ ಬೆಳಗುವ ಸದ್ದು ನಿಂತಿದ್ದನ್ನು ನಾನು ಗಮನಿಸಲಿಲ್ಲ.

ಮರುದಿನ ಬೆಳಿಗ್ಗೆ ಕೌಲಿ ಈಯಿತು. ಕರುವಿನ ಸಣ್ಣ ಕೂಗು ನಮಗೂ ಕೇಳಿಸಿತು. ಅಜ್ಜಮ್ಮನ ಗಟ್ಟಿ ಗಂಟಲೂ ಕೇಳಿಸಿತು. ‘ಈ ದಪ ಕರ ಕುಡ್ದು ಉಳುದ್ರೆ ಗಿಡಕ್ಕೆ ಉಯ್ಯಿ. ಅಸಿ ಹಾಲು ಒಂದ್ ತೊಟ್ಟು ನಮ್ಮ ಹೊಸ್ಲು ದಾಟ್ಬಾರ್ದು. ನನ್ನಾಣೆ ಕಣೆ ಚಂದ್ರಮತಿ.’ ಅತ್ತೆ ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಿದರು. ಆಮೇಲೆ ಮತ್ತೆ ತಟ್ಟಿದರು. ಆ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು. ನಾನು ಅವತ್ತು ಗಿಣ್ಣಿನ ಆಸೆಯನ್ನು ಬಿಟ್ಟೆ ಎಂದು ಹೇಳಿದೆ. ಬಿಟ್ಟಿರಲಿಲ್ಲ.

ಅವತ್ತು ಮಧ್ಯಾಹ್ನ ಕಳೆದ ಮೇಲೆ, ಬಿಸಿಲು ಇಳಿಯುವ ಹೊತ್ತಿನಲ್ಲಿ ನಮ್ಮ ಮುಂಬಾಗಿಲಿನಲ್ಲಿ ಯಾರೋ ನಿಂತ ಹಾಗಾಯಿತು. ಚಂದ್ರಮತಮ್ಮ. ತಲೆಗೆ ನೀರು ಹಾಕಿಕೊಂಡಿದ್ದರು, ಕೂದಲು ಇನ್ನೂ ಒದ್ದೆಯಿತ್ತು. ಸೆರಗಿನಲ್ಲಿ ಮುಚ್ಚಿದ ಒಂದು ತಟ್ಟೆ ಕೈಯಲ್ಲಿ. ಒಂದೂವರೆ ವರ್ಷದಿಂದ ತುಳಿಯದ ಹೊಸಿಲು. ಒಳಗೆ ಬರಲೋ ಬೇಡವೋ ಎಂದು ಒಂದು ಕಾಲು ಎತ್ತಿ ನಿಂತಿದ್ದರು. ಅತ್ತೆ ಮಣೆಯನ್ನು ಕಾಲಿನಿಂದ ಸ್ವಲ್ಪ ಮುಂದಕ್ಕೆ ತಳ್ಳಿದರು.

‘ಅಸಿ ಹಾಲು ಹೊಸ್ಲು ದಾಟ್ಬಾರ್ದು ಅಂತ ಅಮ್ಮ ಆಣೆ ಇಟ್ರು, ಗೌರಕ್ಕ’ ಎಂದರು ಚಂದ್ರಮತಮ್ಮ, ಕುಳಿತುಕೊಳ್ಳುತ್ತ. ‘ಅದ್ಕೆ ಬೇಯಿಸ್ಕೊಂಡ್ ಬಂದೆ.’

ಸೆರಗು ಸರಿಸಿದರು. ತಟ್ಟೆಯಲ್ಲಿ ತಿಳಿಹಳದಿ ಬಣ್ಣದ ಒಂದು ಇಟ್ಟಿಗೆ. ಅದರ ಮೈತುಂಬ ಬಟ್ಟೆಯ ಗುರುತು. ಮೇಲೆ ಹೆರೆದ ಬೆಲ್ಲವನ್ನು ಮಳೆಗರೆದ ಹಾಗೆ ಉದುರಿಸಿದ್ದರು.

ಜೀವಮಾನದಲ್ಲಿ ಗಿಣ್ಣು ತಿಂದವರಲ್ಲ, ಮಾಡಿದವರಲ್ಲ, ಮಾಡುವುದನ್ನು ಹತ್ತಿರದಿಂದ ನೋಡಿದವರೂ ಅಲ್ಲ. ಅಡಿಗೆಮನೆಯಲ್ಲಿ ಮಾಡುವ ಹಾಗಿರಲಿಲ್ಲ. ಹಿತ್ತಿಲ ಬಚ್ಚಲೊಲೆಯ ಮೇಲೆ ಹೊಸ ಮಡಕೆಯಿಟ್ಟು, ಗಿಣ್ಣು ಹಾಲನ್ನು ಮಾಮೂಲಿ ಹಾಲಿನ ಹಾಗೆ ಕುದಿಸಿದ್ದಾರೆ. ಹಬೆಯಲ್ಲಿ ಬೇಯಿಸಬೇಕು ಎಂದು ಗೊತ್ತಿಲ್ಲ. ಅದು ಒಡೆದು ಚೂರುಚೂರಾಗಿ ನೀರು ಬಿಟ್ಟಿದೆ. ಗಾಬರಿಯಾಗಿದೆ. ಆದರೆ ಗೌರಕ್ಕನ ಗಿಣ್ಣು ಕತ್ತರಿಸುವ ಹಾಗೆ ಗಟ್ಟಿ ಇರುತ್ತಿತ್ತು ಎಂಬುದು ನೆನಪಿದೆ. ಹಾಗಾಗಿ ಒಡೆದದ್ದನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೇಲೆ ಗುಂಡುಕಲ್ಲು ಹೇರಿ, ನೀರೆಲ್ಲ ಬಸಿಯುವ ತನಕ ಕಾದಿದ್ದಾರೆ. ಈಗ ಅಂಗಡಿಯಲ್ಲಿ ದುಬಾರಿ ಬೆಲೆಗೆ ಸಿಗುವ ಟೋಫುವನ್ನು ಮಾಡುವುದೂ ಹೆಚ್ಚುಕಮ್ಮಿ ಹೀಗೇ ಅಂತೆ. ಆಗ ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಗಿಣ್ಣು ಪರೀಕ್ಷೆಯಲ್ಲಿ ಇದಕ್ಕೆ ಸೊನ್ನೆ ಅಂಕ.

‘ಅಜ್ಜಮ್ಮಂಗೆ ಗೊತ್ತಾಗ್ಲಿಲ್ವಾ?’ ಎಂದೆ ನಾನು.

‘ಏನೇ ವಾಸ್ನೆ ಅಂದ್ರು. ಹಾಲು ಉಕ್ತು ಅಂದೆ.’ ಸುಳ್ಳು ಹೇಳಿ ಅಭ್ಯಾಸವಿಲ್ಲದ ಆ ಹೆಂಗಸಿನ ಕಿವಿ ಕೆಂಪಾಗಿತ್ತು.

ನಾನು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಕಿರ್ ಕಿರ್ ಎಂದಿತು. ಹೊಗೆಯ ವಾಸನೆ. ಬೆಲ್ಲ ಹತ್ತಿದ ಕಡೆ ಸಿಹಿ, ಮಿಕ್ಕದ್ದು ಸಪ್ಪೆ. ಚಂದ್ರಮತಮ್ಮ ನನ್ನನ್ನು ನೋಡಲಿಲ್ಲ. ಅವರ ಕಣ್ಣು ಇದ್ದದ್ದು ನಮ್ಮ ಅತ್ತೆಯ ಮೇಲೆ. ಅತ್ತೆ ಕೈ ಚಾಚಿ ಒಂದು ಚೂರು ತೆಗೆದುಕೊಂಡರು. ಬಾಯಿಗಿಟ್ಟು ಎಂದಿನ ಹಾಗೆ ಕಣ್ಣು ಮುಚ್ಚಿದರು. ಈ ಬಾಯಿಯಿಂದ ಎಂಥೆಂಥ ಗಿಣ್ಣುಗಳು ಅವಮಾನ ಪಟ್ಟುಕೊಂಡು ಹೋಗಿದ್ದವು ಎಂದು ನನಗೆ ಗೊತ್ತಿತ್ತು.

ಅತ್ತೆ ಬಹಳ ಹೊತ್ತು ಅಗಿದರು. ಅದನ್ನು ಅಗಿಯಲೇಬೇಕಿತ್ತು.

‘ಬೆಂದಯ್ತೆ ಅಂತ ಎಂಗ್ ಗೊತ್ತಾಯ್ತು ನಿಂಗೆ?’ ಎಂದರು ಕೊನೆಗೆ.

‘ನೀವು ಮಾಡುವಾಗ ಗೋಡೆ ಮೇಲಿಂದ ವಾಸ್ನೆ ಬರೋದಲ್ಲ ಗೌರಕ್ಕ. ಇಷ್ಟು ವರ್ಷ ಅದನ್ನ ಕುಡ್ದಿದೀನಿ. ಆ ವಾಸ್ನೆ ಬರೋ ತನಕ ಉರಿ ಹಾಕ್ದೆ.’

ಅತ್ತೆ ಕಣ್ಣು ಬಿಡಲಿಲ್ಲ. ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಇಳಿಯಿತು. ಸೆರಗಿನಿಂದ ಒರೆಸಿಕೊಂಡು, ‘ಒಗೆ ಜಾಸ್ತಿ ಆಗಯ್ತೆ ಕಣೆ’ ಎಂದರು. ‘ಮುಂದ್ಲ ದಪ ನಾನು ಗೋಡೆ ತಾವ ನಿಂತ್ಕೊಂಡು ಯೋಳ್ತೀನಿ.’

‘ಅವತ್ತು ನಾನು ಮಾತಾಡ್ಬೇಕಾಗಿತ್ತು’ ಎಂದರು ಚಂದ್ರಮತಮ್ಮ.

‘ನಿನ್ ಬಾಯಿಗೆ ನಾನೇ ಬೀಗ ಆಕ್ಬುಟ್ಟೆ. ಬುಡು.’

ಅಷ್ಟೇ ಜಗಳ ಮುಗಿದದ್ದು. ಆಮೇಲೆ ಇಬ್ಬರೂ ಹಿತ್ತಿಲ ಮೆಟ್ಟಿಲಿಗೆ ಹೋಗಿ ಕುಳಿತರು. ಒಂದೂವರೆ ವರ್ಷದ ಮಾತು ಬಾಕಿಯಿತ್ತು. ಯಾರ ಮದುವೆ, ಯಾರ ಬಾಣಂತನ, ಪೇಟೆಯಲ್ಲಿ ಯಾರು ಅಂಗಡಿ ಮುಚ್ಚಿದರು, ದೊಡ್ಡಗದ್ದವಳ್ಳಿಯ ಸಂಬಂಧ ಯಾಕೆ ಮುರಿಯಿತು. ಒಬ್ಬರು ಆಡುವುದು ಮುಗಿಯುವ ಮೊದಲೇ ಇನ್ನೊಬ್ಬರು ಶುರುಮಾಡುತ್ತಿದ್ದರು. ಅತ್ತೆ ಹಾಗೆ ನಗುವುದನ್ನು ಕೇಳಿ ನನಗೆ ಎಷ್ಟು ದಿನವಾಗಿತ್ತು. ನಾನು ಒಳಗೆ ಕೂತು ಆ ನಗುವನ್ನು ಕೇಳುತ್ತ, ಆ ಇಟ್ಟಿಗೆಯನ್ನು ಚೂರು ಚೂರೇ ಮುಗಿಸಿದೆ. ರುಚಿಗೆ ತಿಂದೆ ಎಂದರೆ ಸುಳ್ಳಾಗುತ್ತದೆ. ಆದರೆ ಒಂದು ಚೂರನ್ನೂ ಉಳಿಸಲು ಮನಸ್ಸಾಗಲಿಲ್ಲ.

ಮಾತಿನ ನಡುವೆ ಹೊತ್ತು ಹೋದದ್ದು ಅವರಿಬ್ಬರಿಗೂ ತಿಳಿಯಲಿಲ್ಲ. ಗೋಡೆಯಾಚೆಯಿಂದ ಅಜ್ಜಮ್ಮನ ದನಿ ಬಂತು.

‘ಚಂದ್ರಮತೀ, ಒತ್ತು ಮುಳುಗ್ತೇನೆ? ಉಂಡ್ಯಾ?’

ನಾನು ಕಿಟಕಿಯಿಂದ ನೋಡಿದೆ. ಸೂರ್ಯ ಆಗಲೇ ಮುಳುಗಿಹೋಗಿದ್ದ. ಆ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಮುಳುಗಿದ ಮೇಲೆ ಚಂದ್ರಮತಮ್ಮ ಒಂದು ತೊಟ್ಟು ನೀರನ್ನೂ ಬಾಯಿಗೆ ಹಾಕುವವರಲ್ಲ. ಅವರು ಕತ್ತಲಾಗುತ್ತಿದ್ದ ಆಕಾಶವನ್ನು ಒಮ್ಮೆ ನೋಡಿ, ‘ಉಂಡೆ ಅಮ್ಮ’ ಎಂದು ಕೂಗಿ ಹೇಳಿದರು. ಅವತ್ತು ಅದು ಅವರ ಎರಡನೆಯ ಸುಳ್ಳು.

ಆಮೇಲೆ ಅಜ್ಜಮ್ಮ, ‘ಅಂಗೇ ಆ ಗೌರವ್ವಂಗೂ ಯೋಳು, ಬಸುರಿ ಹೆಣ್ಣ ಮನೇಲಿ ಮಡ್ಗಿಕಂಡು ಮುಚ್ಚಂಜೇಲಿ ಮೆಟ್ಲ ಮ್ಯಾಲೆ ಕೂರ್ಬ್ಯಾಡ, ಒಳೀಕ್ಕೋಗಿ ದೀಪ ಅಚ್ಚು ಅಂತ’ ಎಂದರು. ಕಣ್ಣು ಕಾಣದ ಮುದುಕಿಗೆ ಬಚ್ಚಲೊಲೆಯ ಗಿಣ್ಣಿನಿಂದ ಹಿಡಿದು ಎಲ್ಲವೂ ಗೊತ್ತಿತ್ತು. ಅತ್ತೆ ಮೆಟ್ಟಿಲಿಂದ ಎದ್ದರು. ಆಮೇಲೆ ತಗ್ಗಿದ ದನಿಯಲ್ಲಿ, ‘ಅಚ್ತೀನಿ ಕಣಮ್ಮ’ ಎಂದರು. ಅಜ್ಜಮ್ಮನಿಗೆ ಅತ್ತೆ ಅಮ್ಮ ಎಂದದ್ದು ಆ ಜಗಳದ ನಂತರ ಅದೇ ಮೊದಲು.

ಚಂದ್ರಮತಮ್ಮ ಎದ್ದು ಹೊರಟರು. ಅತ್ತೆ ಅವರ ಕೈ ಹಿಡಿದುಕೊಂಡು, ‘ನೀನು ಉಂಡಿಲ್ವಲ್ಲೇ’ ಎಂದರು. ‘ಒಂದೊತ್ತು ತಾನೆ, ಬುಡಿ ಗೌರಕ್ಕ. ಹೊಟ್ಟೆ ತುಂಬಿದೆ’ ಎಂದು ಅವರು ಬಾಗಿಲು ದಾಟಿದರು.

ದೀಪ ಹಚ್ಚಿ ಆದ ಮೇಲೆ ಅತ್ತೆ ನಮಗೆ ಬಡಿಸಿದರು. ಸೊಪ್ಪಿನ ಸಾರು, ಮುದ್ದೆ. ತಾವು ಮಾತ್ರ ತಟ್ಟೆ ಹಾಕಿಕೊಳ್ಳಲಿಲ್ಲ. ನೀವೂ ಕೂತ್ಕೊಳ್ಳಿ ಅತ್ತೆ ಎಂದೆ. ‘ಅವ್ಳು ಅಸ್ಕೊಂಡವ್ಳೆ ಕಣವ್ವ. ನಂಗೆ ಗಂಟ್ಲಲ್ಲಿ ಇಳಿಯಾಕಿಲ್ಲ. ಒಟ್ಟೇಲಿ ಕೂಸಯ್ತೆ, ನೀನು ಉಣ್ಣು’ ಎಂದು ಇನ್ನೊಂದು ಸೌಟು ಸಾರು ಬಿಟ್ಟರು. ಹಸಿದಿದ್ದರೂ ಅವರ ಮುಖದಲ್ಲಿ ಅಂಥ ಗೆಲುವನ್ನು ನಾನು ನೋಡಿರಲಿಲ್ಲ. ನಾನು ಅವರಿಬ್ಬರ ಪಾಲನ್ನೂ ಸೇರಿಸಿ ಉಂಡೆ.

ಆ ಮೂವರೂ ಹೋಗಿ ಎಷ್ಟೋ ಕಾಲವಾಯಿತು. ಹಾಸನದ ಈ ಮನೆಯಲ್ಲಿ ನನಗೆ ಏನೂ ಕಡಿಮೆಯಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಡಾಕ್ಟರು ಹೇಳಿದ ಪದಾರ್ಥ, ಎಲ್ಲ ಇದೆ. ಆದರೂ ಸಂಜೆ ಬೆಳಕು ಆರುವ ಹೊತ್ತಿನಲ್ಲಿ ನಾನು ಹಿತ್ತಿಲ ಬಾಗಿಲು ತೆರೆದು ಸುಮ್ಮನೆ ನಿಲ್ಲುತ್ತೇನೆ. ‘ಉಂಡ್ಯಾ’ ಎಂದು ಗೋಡೆಯಾಚೆಯಿಂದ ಒಬ್ಬರು ಕೇಳಲಿ, ಇಲ್ಲ ಎಂದರೆ ಅವರೂ ಉಣ್ಣದಿರಲಿ ಎಂದು ಈ ವಯಸ್ಸಿನಲ್ಲೂ ನನಗೆ ಆಸೆ.